ತಂಬಿಗೆಯ ಮೇಲಿನ ಮಂಜರಿ

“ಹೆಸರೇನ ಹಾಕ್ಲಿ, ಲಗೂನ ಹೇಳವಾ. ಇನ್ನೂ ಬಾಳ ಮಂದಿ ಕುಂತಾರ,” ಎಂದಳು ಸೈದಾಬಿ.

ದೂರ್ವಾ ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

ಇಂಡಿ ಊರಿನ ಬಜಾರಿನ ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಸೈದಾಬಿ ಕಾಲು ಚಾಚಿ ಕುಳಿತಿದ್ದಳು. ಮಡಿಲಲ್ಲಿ ಹೊಳೆಯುವ ಹಿತ್ತಾಳೆ ತಂಬಿಗೆ. ಕೈಯಲ್ಲಿ ದಪ್ಪ ಪೆನ್ನಿನಂಥ ಮಷಿನು. ಅದರ ಮೊನೆ ಪಾತ್ರೆಗೆ ತಾಗಿದರೆ ಸಾಕು, ಜುರ್ ಜುರ್ ಎಂದು ಅಕ್ಷರ ಮೂಡುತ್ತಿತ್ತು. ಮದುವೆಗೆ ಪಾತ್ರೆ ಕೊಂಡವರೆಲ್ಲ ಹೆಸರು ಹಾಕಿಸಲು ಅವಳ ಹತ್ತಿರವೇ ಬರುತ್ತಿದ್ದರು. ಪಕ್ಕದಲ್ಲಿ ಅವಳ ಮೊಮ್ಮಗಳು ಮುಬಿನ ಲೋಟಗಳ ಧೂಳು ಒರೆಸುತ್ತಿದ್ದಳು. ಮುಬಿನ ಮತ್ತು ದೂರ್ವಾ ಒಂದೇ ಕ್ಲಾಸು, ಒಂದೇ ಬೆಂಚು.

ದೂರ್ವಾಳ ಅಪ್ಪ ಸಂಕರ್ಷಣ ಅವಳನ್ನು ಸ್ಕೂಟರಿನಿಂದ ಇಲ್ಲಿ ಇಳಿಸಿ ಹೋಗಿದ್ದ. “ನಾ ಪ್ರೆಸ್ಸಿಗೆ ಹೋಗಿ ಲಗ್ನಪತ್ರಿಕಾ ತರ್ತೇನಿ. ನೀ ಇಲ್ಲೆ ಕೂತು ಹೆಸರು ಹಾಕಿಸು. ಯಾವ ಹೆಸರು ಅಂತ ಗೊತ್ತದಲ್ಲ?” ಎಂದು ಕೇಳಿದ್ದ.

“ಗೊತ್ತದ,” ಎಂದಿದ್ದಳು ದೂರ್ವಾ.

ಗೊತ್ತಿತ್ತು. ಅದೇ ತೊಂದರೆ.

ಈ ಪಾತ್ರೆಗಳೆಲ್ಲ ಮಂಜರಿ ಅತ್ಯಾಳ ಮದುವೆಗೆ. ಮಂಜರಿ ಅಪ್ಪನ ತಂಗಿ, ದೂರ್ವಾಳಿಗೆ ಅತ್ಯಾ. ಸಿಂದಗಿಯ ವಿಠ್ಠಲ ಎಂಬವರ ಜೊತೆ ಅವಳ ಮದುವೆ ನಿಶ್ಚಯವಾಗಿತ್ತು. ಅವರ ಮಂದಿಯಲ್ಲಿ ಒಂದು ಪದ್ಧತಿ ಇದೆ. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡುತ್ತಾರೆ. ಆ ಅಕ್ಕಿಯಲ್ಲಿ ಮದುಮಗ ಉಂಗುರದಿಂದ ಮದುಮಗಳ ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ಗಂಡನ ಮನೆಯಲ್ಲಿ ಅವಳಿಗೆ ಅದೇ ಹೆಸರು.

ಆ ಹೊಸ ಹೆಸರನ್ನು ಸಿಂದಗಿಯವರು ಆಗಲೇ ಆರಿಸಿಬಿಟ್ಟಿದ್ದರು. ರುಕ್ಮಿಣಿ. ವಿಠ್ಠಲನಿಗೆ ರುಕ್ಮಿಣಿಯೇ ತಕ್ಕ ಜೋಡಿ ಎಂದು ಎಲ್ಲರೂ ಖುಷಿಪಟ್ಟಿದ್ದರು.

ದೂರ್ವಾ ಒಬ್ಬಳನ್ನು ಬಿಟ್ಟು.

ಹೋದ ವಾರ ವಿಠ್ಠಲನ ತಂಗಿ ಫೋನ್ ಮಾಡಿದಾಗ ದೂರ್ವಾಳೇ ಎತ್ತಿಕೊಂಡಿದ್ದಳು. “ರುಕ್ಮಿಣಿ ವೈನಿ ಅದಾರೇನ್ರಿ?” ಎಂದು ಅತ್ತಿಗೆಯನ್ನು ಕೇಳಿತು ಆ ಕಡೆಯ ದನಿ. “ಅಂಥವರು ಇಲ್ಲೆ ಯಾರೂ ಇಲ್ರಿ. ರಾಂಗ್ ನಂಬರ್!” ಎಂದು ದೂರ್ವಾ ಫೋನ್ ಇಟ್ಟೇಬಿಟ್ಟಳು. ಮತ್ತೆ ಫೋನ್ ಬಂತು. “ಒಮ್ಮೆ ಹೇಳಿದ್ರ ತಿಳಿಯೂದಿಲ್ಲೇನ್ರಿ?” ಎಂದು ಮತ್ತೆ ಇಟ್ಟಳು. ಅಜ್ಜಿ ಅವಳ ಕಿವಿ ಹಿಂಡಿದ್ದೇ ಹಿಂಡಿದ್ದು. ಅತ್ಯಾ ಮಾತ್ರ ನಕ್ಕುಬಿಟ್ಟಿದ್ದಳು.

“ಹೋಗ್ಲಿ ಬಿಡ ದೂರ್ವಾ. ಎಲ್ಲಾರ ಮನ್ಯಾಗೂ ಹಿಂಗ ಇರ್ತದ,” ಎಂದಿದ್ದಳು.

ಆ ‘ಹೋಗ್ಲಿ ಬಿಡು’ ಕೇಳಿಯೇ ದೂರ್ವಾಳಿಗೆ ಇನ್ನಷ್ಟು ಸಿಟ್ಟು ಬಂದಿತ್ತು. ಯಾಕೆ ಹೋಗಬೇಕು? ದೂರ್ವಾ ತೊಟ್ಟಿಲಲ್ಲಿದ್ದಾಗ ಅವಳ ಕಿವಿಯಲ್ಲಿ ಹೆಸರು ಹೇಳಿದವಳೇ ಅತ್ಯಾ. ಸೋದರತ್ತೆಯೇ ಹೆಸರಿಡಬೇಕು, ಅದೂ ಪದ್ಧತಿ. ಹೆಸರು ಹೇಳಿದ ಕೂಡಲೇ ಪದ್ಧತಿಯಂತೆ ಹೆಂಗಸರೆಲ್ಲ ಸೇರಿ ಅತ್ಯಾಳ ಬೆನ್ನಿಗೆ ದಬದಬ ಗುದ್ದಿದ್ದರಂತೆ. ಗರಿಕೆಯ ಹೆಸರು ಇಟ್ಟಳೆಂದು ಅಜ್ಜಿ ಎರಡು ಗುದ್ದು ಹೆಚ್ಚೇ ಹಾಕಿದ್ದಳಂತೆ. ಕ್ಲಾಸಿನ ಹುಡುಗರು “ಕರಿಕೀ, ಏ ಕರಿಕೀ” ಎಂದು ಕಾಡಿದಾಗ ದೂರ್ವಾ ಹೇಳುತ್ತಿದ್ದಳು: “ಹೌದ, ಕರಿಕಿ. ಕಿತ್ತು ನೋಡ್ರಿ, ಬರ್ತೇನೇನು?” ಹಾಗೆ ಹೇಳಲು ಕಲಿಸಿದವಳೂ ಅತ್ಯಾಳೇ.

ಅಂಥ ಅತ್ಯಾಳ ಹೆಸರನ್ನೇ ಯಾರೋ ಅಳಿಸಿಬಿಡುವುದೇ?

“ಬಾಯಾಗ ಏನ ಇಟ್ಕೊಂಡಿ?” ಎಂದಳು ಸೈದಾಬಿ. “ಹೆಸರು ಹೇಳ.”

“ಮಂಜರಿ,” ಎಂದಳು ದೂರ್ವಾ.

ಒರೆಸುತ್ತಿದ್ದ ಮುಬಿನಳ ಕೈ ನಿಂತಿತು. “ಏ, ನಿಮ್ಮ ಅತ್ಯಾಗ ಬ್ಯಾರೆ ಹೆಸರು ಐತಿ ಅಂದಿದ್ದೆಲ್ಲ?”

“ನೀ ಸುಮ್ನ ಕೂಡ.”

“ಎಲ್ಲಾದರ ಮ್ಯಾಲೂ ಮಂಜರಿನ ಹಾಕ್ಲೇನು?” ಸೈದಾಬಿ ಮೂಗಿನ ತುದಿಗೆ ಜಾರಿದ ಚಾಳೀಸಿನ ಮೇಲಿಂದ ನೋಡಿದಳು. “ಆಮ್ಯಾಲೆ ಅಳಸು ಅಂದ್ರ ಅಳಸಾಕ ಬರಂಗಿಲ್ಲ. ಇದೇನ ಪಾಟಿ ಮ್ಯಾಲಿನ ಬಳಪ ಅಲ್ಲ.”

ದೂರ್ವಾ ತಂಬಿಗೆಯತ್ತ ನೋಡಿ ಹಿಂಜರಿದಳು. ಆದರೂ ಗದ್ದ ಮೇಲೆತ್ತಿ ಹೇಳಿದಳು: “ಎಲ್ಲಾದರ ಮ್ಯಾಲೂ ಹಾಕ್ರಿ. ದೊಡ್ಡ ಅಕ್ಷರದಾಗ.”

ಜುರ್ ಜುರ್ ಜುರ್. ತಂಬಿಗೆಯ ಮೇಲೆ, ಕೊಳಗದ ಮೇಲೆ, ಡಬ್ಬಿಗಳ ಮೇಲೆ ಅತ್ಯಾ ಮೂಡತೊಡಗಿದಳು.

ಮುಬಿನ ಕಿವಿಯ ಹತ್ತಿರ ಬಗ್ಗಿದಳು. “ನಿಮ್ಮ ಅಜ್ಜಿ ಇವತ್ತ ನಿನ್ನ ಬೆನ್ನ ಮ್ಯಾಲೆ ಹೆಸರು ಹಾಕ್ತಾಳ ನೋಡು. ಮಷಿನ್ ಸೈತ ಬೇಕಾಗಂಗಿಲ್ಲ!”

* * *

ಅಪ್ಪ ಪಾತ್ರೆಗಳನ್ನು ನೋಡಲೇ ಇಲ್ಲ. ಚೀಲಕ್ಕೆ ತುಂಬಿ ಆಟೋದಲ್ಲಿ ಹಾಕಿ ಕಳಿಸಿದ. ಮನೆಯ ಅಂಗಳದಲ್ಲಿ ತುಳಸಿಕಟ್ಟೆಯ ಹತ್ತಿರ ಚಾಪೆ ಹಾಸಿ ಅಜ್ಜಿ ಒಂದೊಂದೇ ಪಾತ್ರೆ ತೆಗೆದಿಟ್ಟಳು. ಅಜ್ಜಿಯ ಹೆಸರು ತುಳಸೀಬಾಯಿ. ಅವಳ ಕಣ್ಣು ಬಲು ಚುರುಕು. ತಂಬಿಗೆ ಕೈಗೆ ಬಂತೋ ಇಲ್ಲವೋ, ಅವಳ ಹುಬ್ಬು ಗಂಟಾಯಿತು.

“ಸಂಕರ್ಷಣಾ, ಇದೇನೋ? ಇದರ ಮ್ಯಾಲೆ ಮಂಜರಿ ಅಂತ ಅದ! ಈ ಡಬ್ಬಿ ಮ್ಯಾಲೂ ಮಂಜರಿ. ಕೊಳಗದ ಮ್ಯಾಲೂ ಮಂಜರಿ!”

ಅಪ್ಪ ತಂಬಿಗೆ ನೋಡಿದ. ಆಮೇಲೆ ಮಗಳನ್ನು ನೋಡಿದ. “ದೂರ್ವಾ?”

“ನೀವು ಗೊತ್ತದೇನು ಅಂತ ಕೇಳಿದ್ರಿ. ಅತ್ಯಾನ ಹೆಸರು ನನಗ ಗೊತ್ತದ. ಅದನ್ನ ಹೇಳೇನಿ.”

“ನೋಡೋ, ನೋಡು ಇವಳ ಬಾಯಿ!” ಅಜ್ಜಿಯ ದನಿ ಓಣಿಯ ಕೊನೆಯವರೆಗೂ ಹೋಯಿತು. “ಬರೂ ರವಿವಾರ ಬೀಗರು ಪಾತ್ರೆ ನೋಡ್ಲಿಕ್ಕೆ ಬರ್ತಾರ. ಅವರ ಮುಂದ ಏನಂತ ಹೇಳಲಿ? ನಿಮ್ಮ ಹೆಸರು ನಮಗ ಬ್ಯಾಡ ಅಂತ ಹೇಳಲೇನು? ಕೂಡಿದ ಲಗ್ನ ಮುರೀಬೇಕು ಅಂತ ಮಾಡೀದೇನು?”

ಲಗ್ನ ಮುರಿಯುವುದೇ? ಅಷ್ಟು ದೂರ ದೂರ್ವಾ ಯೋಚಿಸಿರಲಿಲ್ಲ. ಆದರೆ ಈಗ ಹಿಂದೆ ಸರಿಯಲು ಮನಸ್ಸಾಗಲಿಲ್ಲ.

ಅಜ್ಜಿ ತುಳಸಿಯ ಗಿಡದತ್ತ ಕೈ ಮಾಡಿದಳು. ಗಿಡದ ತುದಿತುದಿಯಲ್ಲಿ ನೇರಳೆ ಬಣ್ಣದ ಸಣ್ಣ ಹೂವಿನ ತೆನೆ ತಲೆಯೆತ್ತಿ ನಿಂತಿತ್ತು. ಅದೇ ಮಂಜರಿ. “ಇಲ್ಲಿ ನೋಡು. ದಿನಾ ನಾ ಈ ಮಂಜರಿ ಚಿವುಟತೇನೋ ಇಲ್ಲೋ? ಚಿವುಟಿದ್ರನ ಗಿಡ ಛಂದ ಚಿಗೀತದ. ಹೆಣ್ಣಮಕ್ಕಳೂ ಹಂಗ. ಇಲ್ಲಿಂದ ಚಿವುಟಬೇಕು, ಅಲ್ಲೆ ಊರಬೇಕು.”

“ಅಲ್ಲೆ ಊರಿದ್ರ ಏನ ಬರ್ತದ ಅಜ್ಜಿ?” ದೂರ್ವಾ ಸೊಂಟದ ಮೇಲೆ ಕೈಯಿಟ್ಟಳು. “ತುಳಸಿನ ಬರ್ತದೋ, ಮೆಂತೆಪಲ್ಲೆ ಬರ್ತದೋ?”

ಅಪ್ಪನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಅವನು ಆ ಕಡೆ ತಿರುಗಿ ಕೆಮ್ಮಿದ. ಅಜ್ಜಿಯ ಸಿಟ್ಟು ಇಮ್ಮಡಿಯಾಯಿತು. “ನಾಳೆ ಮುಂಜಾನೆ ಹೋಗಿ ಇದರ ಮ್ಯಾಲೆ ಗೀಟು ಹೊಡಿಸ್ರಿ. ಬಾಜೂಕ ರುಕ್ಮಿಣಿ ಅಂತ ಬರಸ್ರಿ. ಇನ್ನ ಮಾತು ಮುಗೀತು!”

ಆಗ ಒಳಗಿನಿಂದ ಅತ್ಯಾ ಬಂದಳು. ಕೈಗೆ ಸಂಡಿಗೆಯ ಹಿಟ್ಟು ಮೆತ್ತಿತ್ತು. ತಂಬಿಗೆ ಎತ್ತಿಕೊಂಡು ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದಳು. ಒಂದು ಸಲ. ಇನ್ನೊಂದು ಸಲ.

ಅತ್ಯಾ ಈಗ ನಗುತ್ತಾಳೆ, ನನ್ನನ್ನು ಅಪ್ಪಿಕೊಳ್ಳುತ್ತಾಳೆ ಎಂದು ದೂರ್ವಾ ಕಾದಳು.

“ನನ್ನ ಕೇಳಿದೇನ?” ಎಂದಳು ಅತ್ಯಾ.

ದೂರ್ವಾಳಿಗೆ ಅರ್ಥವಾಗಲಿಲ್ಲ. “ಏನು?”

“ಅವರು ರುಕ್ಮಿಣಿ ಅಂತ ಆರಿಸಿದ್ರು. ನನ್ನ ಕೇಳ್ಲಿಲ್ಲ. ನೀ ಊರ ಬಜಾರದಾಗ ಕೂತು ಮಂಜರಿ ಅಂತ ಹಾಕಿಸ್ಕೊಂಡು ಬಂದಿ. ನೀನೂ ಕೇಳ್ಲಿಲ್ಲ.” ಅತ್ಯಾ ತಂಬಿಗೆಯಿಂದ ಕಣ್ಣೆತ್ತಿದಳು. “ಎಲ್ಲಾರೂ ನನ್ನ ಹೆಸರು ಹಿಡಕೊಂಡು ಜಗ್ಗ್ಯಾಡ್ಲಿಕ್ಕತ್ತೀರಿ. ನಾ ಇಲ್ಲೆ ಇದ್ದೇನಿ ಅನ್ನೂದು ಯಾರಿಗೂ ನೆನಪಿಲ್ಲ.”

“ಆದ್ರ ಅತ್ಯಾ, ನಾ ನಿನ್ನ ಸಲುವಾಗಿನ…”

ಅತ್ಯಾ ತಂಬಿಗೆ ಕೆಳಗಿಟ್ಟು ಮಾಳಿಗೆ ಹತ್ತಿ ಹೋದಳು.

ಅಜ್ಜಿ ಬೈದಾಗ ಬಾರದ ಅಳು ಈಗ ಬಂತು. ದೂರ್ವಾ ತುಳಸಿಕಟ್ಟೆಯ ಹಿಂದೆ ಕುಳಿತು ಅತ್ತಳು. ಅಮ್ಮ ಬಂದು ಪಕ್ಕದಲ್ಲಿ ಕುಳಿತಳು. ಸೆರಗಿನಿಂದ ಮೂಗು ಒರೆಸಿದಳು. ಕೆದರಿದ ಜಡೆ ಬಿಚ್ಚಿ ಮತ್ತೆ ಹೆಣೆದಳು. ಜಡೆ ಮುಗಿಯುವ ಹೊತ್ತಿಗೆ ಅಳುವೂ ಮುಗಿದಿತ್ತು.

“ಅಮ್ಮಾ, ನಾ ಮ್ಯಾಲೆ ಹೋಗ್ಲಿ?”

“ಹೋಗು. ಆದ್ರ ಹೋಗಿ ಹೇಳಬ್ಯಾಡ. ಕೇಳು.”

* * *

ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಅತ್ಯಾ ಸಂಡಿಗೆ ಇಡುತ್ತಿದ್ದಳು. ದೂರ್ವಾ ಕಲ್ಲೊಂದನ್ನು ಸೀರೆಯ ತುದಿಗೆ ಇಟ್ಟು, ಗಾಳಿಗೆ ಹಾರದಂತೆ ಮಾಡಿ, ಕುಳಿತಳು.

“ಅತ್ಯಾ.”

“ಹ್ಞೂಂ.”

“ನಿನಗ ಯಾವ ಹೆಸರು ಬೇಕು?”

ಅತ್ಯಾಳ ಕೈ ಹಿಟ್ಟಿನಲ್ಲೇ ನಿಂತಿತು. “ಲಗ್ನ ಗೊತ್ತಾದಾಗಿಂದ ಸೀರಿ ಯಾವ ಬಣ್ಣದ್ದು ಬೇಕು ಅಂತ ಕೇಳ್ಯಾರ. ಬಳಿ ಎಂಥವು ಬೇಕು ಅಂತ ಕೇಳ್ಯಾರ. ಇದನ್ನ ಕೇಳಿದಾಕಿ ನೀ ಒಬ್ಬಾಕಿ ನೋಡು.”

ಹಾಗೆಂದು ಮತ್ತೆ ಸಂಡಿಗೆ ಇಡತೊಡಗಿದಳು. ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕು. ಅದು ಕಷ್ಟದ ಕೆಲಸ. ದೂರ್ವಾ ಎರಡೂ ತುಟಿ ಒಳಗೆ ಮಡಚಿ ಕಾದಳು.

“ಸಣ್ಣಾಕಿದ್ದಾಗ ಈ ಹೆಸರು ನನಗ ಸೇರ್ತಿರಲಿಲ್ಲ,” ಎಂದಳು ಅತ್ಯಾ. “ನಮ್ಮ ಸಾಲ್ಯಾಗ ಒಬ್ಬಾಕಿ ಕಮಲಾ, ಒಬ್ಬಾಕಿ ಗುಲಾಬಿ. ಅವು ಕಣ್ಣಿಗೆ ಕಾಣೂ ಹೂವು. ಮಂಜರಿ ಅಂದ್ರ ಹೂವು ಅಂತ ಸೈತ ಯಾರೂ ಅನ್ನೂದಿಲ್ಲ. ಯಾರೂ ತುರುಬಿನ್ಯಾಗ ಮುಡೀತಿರಲಿಲ್ಲ. ಒಂದ ದಿವಸ ಇದ ಮಾತಿಗೆ ಅಳಕೋತ ಕೂತಿದ್ದೆ. ಅವ್ವ ಒಣಗಿದ ಮಂಜರಿ ನನ್ನ ಅಂಗೈಯಾಗ ಇಟ್ಟು ಉಜ್ಜು ಅಂದ್ಲು. ಉಜ್ಜಿದೆ. ರಾಗಿಗಿಂತ ಸಣ್ಣ ಸಣ್ಣ ಬೀಜ, ದೂರ್ವಾ! ಊದಿದ್ರ ಹಾರಿ ಹೋಗ್ತಾವ, ಅಷ್ಟ ಸಣ್ಣವು. ಸಾಲಿಗೆ ಹೋದೆ, ಕೈಯಾಗ ವಾಸನಿ. ಊಟಕ್ಕ ಕೂತೆ, ವಾಸನಿ. ಕಮಲಾನ ಕೈಗೂ ಗುಲಾಬಿ ಕೈಗೂ ಏನೂ ವಾಸನಿ ಇದ್ದಿದ್ದಿಲ್ಲ.” ಅತ್ಯಾ ನಕ್ಕಳು. “ಅವತ್ತಿನಿಂದ ಈ ಹೆಸರು ನಂದಾತು.”

“ಹಂಗಾದ್ರ ಗೀಟು ಹೊಡಿಸಬ್ಯಾಡ!”

“ಹೊಡಿಸೂದಿಲ್ಲ. ಬೀಗರ ಮುಂದ ನಾನ ಹೇಳ್ತೇನಿ.”

“ನಾನೂ ಹೇಳ್ಲಿ? ನನಗ ಛಲೋ ಛಲೋ ಮಾತು ಬರ್ತಾವ.”

“ಅದಕ್ಕ ಹೇಳ್ಲಿಕ್ಕತ್ತೇನಿ. ನೀ ಬಾಯಿ ಮುಚ್ಕೊಂಡು ಕೂಡಬೇಕು.” ಅತ್ಯಾ ಹಿಟ್ಟಿನ ಬೆರಳಿನಿಂದ ಅವಳ ಮೂಗಿಗೆ ಚುಕ್ಕೆ ಇಟ್ಟಳು. “ಈಗ ಕೆಳಗ ಹೋಗು. ಅವರಿಗೆ ಫೋನ್ ಮಾಡ್ತೇನಿ.”

‘ಅವರಿಗೆ’ ಅಂದರೆ ವಿಠ್ಠಲರಿಗೆ. ಮೆಟ್ಟಿಲ ಮೇಲೆ ನಿಂತು ಕೇಳಬೇಕೆಂದು ದೂರ್ವಾಳಿಗೆ ಬಹಳ ಆಸೆಯಾಯಿತು. ಆದರೂ ಇಳಿದು ಹೋದಳು. ಆಮೇಲೆ ಅತ್ಯಾ ಬಂದು ಹೇಳಿದ್ದು ಇಷ್ಟೇ: “ನಮ್ಮವ್ವಗ ನೀವ ಹೇಳ್ರಿ, ನಾನೂ ಹೇಳ್ತೇನಿ ಅಂದ್ರು. ಪಾಪ, ಅವರಿಗೂ ಅವರ ಅವ್ವ ಅಂದ್ರ ಅಂಜಿಕಿ.”

ಅಜ್ಜಿ ಒಪ್ಪಲಿಲ್ಲ. ಗೀಟು ಹೊಡಿಸಲು ಅತ್ಯಾ ಪಾತ್ರೆಗಳನ್ನು ಕೊಡಲಿಲ್ಲ. ರವಿವಾರದವರೆಗೆ ಅಜ್ಜಿ ಮಾತು ಬಿಟ್ಟಳು. “ಉಪ್ಪು ಕೊಡು ಅಂತ ನಿಮ್ಮ ಅತ್ಯಾಗ ಹೇಳು,” ಎಂದು ದೂರ್ವಾಳ ಕೈಯಲ್ಲಿ ಹೇಳಿಸುತ್ತಿದ್ದಳು, ಅತ್ಯಾ ಎದುರಿಗೇ ಇದ್ದರೂ.

* * *

ರವಿವಾರ ಬೀಗರು ಬಂದರು. ವಿಠ್ಠಲನ ತಾಯಿ ಸುವರ್ಣಾಬಾಯಿ, ಜೊತೆಗೆ ಮಗಳು. ಬಿಸಿಲಲ್ಲಿ ಬಸ್ಸಿನಲ್ಲಿ ಬಂದು ದಣಿದಿದ್ದರು.

ಮಗಳು ದೂರ್ವಾಳನ್ನು ನೋಡಿ ಕಣ್ಣು ಕಿರಿದು ಮಾಡಿದಳು. “ರಾಂಗ್ ನಂಬರ್ ಅಂದಾಕಿ ನೀನ ಹೌದಲ್ಲ?” ದೂರ್ವಾ ತನ್ನ ಕಾಲಿನ ಉಗುರು ನೋಡುತ್ತ ನಿಂತಳು. ಆ ಹುಡುಗಿ ಮೆಲ್ಲಗೆ ನಕ್ಕಳು.

ಅತ್ಯಾ ಬೆಲ್ಲ, ನೀರು ತಂದಳು. ನೀರು ತಂದದ್ದು ಅದೇ ತಂಬಿಗೆಯಲ್ಲಿ. ಹೆಸರು ಬೀಗಿತ್ತಿಯ ಕಡೆಗೇ ಇರುವಂತೆ ಇಟ್ಟಳು. ಅಜ್ಜಿಯ ಮುಖ ಬಿಳಿಚಿತು.

ಸುವರ್ಣಾಬಾಯಿ ನೀರು ಕುಡಿದರು. ತಂಬಿಗೆ ತಿರುಗಿಸಿ ನೋಡಿದರು. ಚಾಳೀಸು ಹಾಕಿಕೊಂಡು ಮತ್ತೆ ನೋಡಿದರು. “ಇದೇನು? ಮಂಜರಿ ಅಂತ ಹಾಕಿಸೀರಿ?”

“ಹೌದ್ರಿ,” ಎಂದಳು ಅತ್ಯಾ. “ಅದು ನನ್ನ ಹೆಸರ್ರಿ. ಲಗ್ನ ಆದಮ್ಯಾಲೂ ಅದ ಇರಲಿ ಅಂತ ನನ್ನ ಇಚ್ಛಾ. ಅಕ್ಕಿಯೊಳಗೂ ಅದನ್ನ ಬರೀರಿ ಅಂತ ಅವರಿಗೆ ಹೇಳೇನ್ರಿ.”

“ವಿಠ್ಠಲ ಹೇಳಿದ. ನಾ ಹುಡುಗಾಟಕಿ ಅಂತ ತಿಳಕೊಂಡಿದ್ದೆ.” ಸುವರ್ಣಾಬಾಯಿ ಚಾಳೀಸು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟರು. “ರುಕ್ಮಿಣಿ ಅಂದ್ರ ದೇವರ ಹೆಸರವಾ. ಮಂಜರಿ ಅಂದ್ರ ಏನು? ಗಿಡದ ತುದಿಗಿನ ಪುಡಿ. ತಿಕ್ಕಿದ್ರ ಕೈಯಾಗ ಏನ ಉಳೀತದ?”

ದೂರ್ವಾಳ ನಾಲಿಗೆಯ ತುದಿಗೆ ಉತ್ತರ ಬಂದು ನಿಂತಿತು. ವಾಸನೆ ಉಳಿಯುತ್ತದೆ! ಬೀಜ ಉಳಿಯುತ್ತದೆ! ಅವಳು ಎರಡೂ ಕೈಯಿಂದ ಬಾಯಿ ಒತ್ತಿಹಿಡಿದಳು.

ಆದರೆ ಮಾತು ಇನ್ನೊಂದು ಕಡೆಯಿಂದ ಬಂತು.

“ಏನೂ ಉಳಿಯೂದಿಲ್ಲ ಅಂದ್ರ ಹ್ಯಾಂಗ್ರಿ?” ಎಂದಳು ಅಜ್ಜಿ. ಅವಳ ಹುಬ್ಬು ಗಂಟಾಗಿತ್ತು. “ನಾವು ಲಚ್ಯಾಣದ ಮನಿ ಬಿಟ್ಟು ಇಂಡಿಗೆ ಬರೂ ದಿವಸ, ಅಲ್ಲಿನ ತುಳಸಿ ಕಿತ್ತು ತರ್ಲಿಕ್ಕೆ ಬರೂಹಂಗಿರಲಿಲ್ಲ. ಒಣಗಿದ ಮಂಜರಿ ಸೆರಗಿಗೆ ಗಂಟು ಹಾಕ್ಕೊಂಡು ಬಂದೆ. ಆಗ ಇವಳು ಹೊಟ್ಟ್ಯಾಗ ಇದ್ಲು. ಇಲ್ಲಿ ಬಂದು ಉದುರಿಸಿದೆ. ನೋಡ್ರಿ ಹೊರಗ, ಕಟ್ಟಿ ತುಂಬ ನಿಂತದಲ್ಲ, ಆ ತುಳಸಿನ ಅದು. ಅದಕ್ಕ ಈ ಹೆಸರು ಇಡ್ರಿ ಅಂತ ನಾನ ಹೇಳಿದ್ದೆ. ಪುಡಿ ಅಂತ ಅನ್ನಬ್ಯಾಡ್ರಿ.”

ಎಲ್ಲರೂ ಅಜ್ಜಿಯನ್ನೇ ನೋಡಿದರು. ಅಜ್ಜಿಗೆ ಆಗ ತಾನು ಯಾರ ಪರವಾಗಿ ಮಾತಾಡಿದೆ ಎಂಬುದು ಹೊಳೆಯಿತು. ಗಡಬಡಿಸಿ, “ಇನ್ನಷ್ಟು ಬೆಲ್ಲ ತಗೋರಿ,” ಎಂದಳು.

“ನೀವು ಏನಂದ್ರೂ ಪದ್ಧತಿ ಅಂತ ಒಂದದ,” ಎಂದರು ಸುವರ್ಣಾಬಾಯಿ. “ನಾವು ರುಕ್ಮಿಣಿ ಅಂತ ಕರದ್ರ ಏನ ಮಾಡ್ತಿ?”

“ನಿಮ್ಮ ಮನ್ಯಾಗ ಎಲ್ಲಾ ಕೆಲಸ ಮಾಡ್ತೇನ್ರಿ. ನೀವು ಹೇಳಿದ್ದು ಕೇಳ್ತೇನ್ರಿ,” ಅತ್ಯಾ ತಲೆ ತಗ್ಗಿಸಲಿಲ್ಲ. “ಆದ್ರ ಆ ಹೆಸರಿಗೆ ಓ ಅನ್ನೂದಿಲ್ರಿ.”

ಒಳಗೆ ಅಮ್ಮ ಚಹಾ ಸೋಸುವ ಸದ್ದು ಮಾತ್ರ ಕೇಳುತ್ತಿತ್ತು.

ಆಮೇಲೆ ಊಟವಾಯಿತು. ಸೀರೆ ತೋರಿಸಿದ್ದಾಯಿತು. ಸುವರ್ಣಾಬಾಯಿ ಸಿಟ್ಟು ತೋರಿಸಲಿಲ್ಲ. ಅತ್ಯಾಳನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. “ನೋಡವಾ,” “ಇಲ್ಲೆ ಬಾ ಇವಳ,” ಎಂದೇ ನಡೆಸಿದರು. ಹೊರಡುವಾಗ ಅಜ್ಜಿ ಉಡಿ ತುಂಬಿದಳು. ಅಪ್ಪ ಆಟೋ ತಂದ. ಅತ್ಯಾ ನಮಸ್ಕಾರ ಮಾಡಿ, ಪಾತ್ರೆ ಎತ್ತಿಡಲು ಪಡಸಾಲೆಗೆ ಹೋದಳು. ದೂರ್ವಾ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತಳು.

ಈ ಮದುವೆ ಉಳಿಯಿತೋ ಇಲ್ಲವೋ, ಅವಳಿಗೆ ತಿಳಿಯಲಿಲ್ಲ. ಅಜ್ಜಿಗೂ ತಿಳಿದಂತೆ ಕಾಣಲಿಲ್ಲ.

ಆಟೋ ಏರಿದ ಸುವರ್ಣಾಬಾಯಿ ಮುಖದ ಮೇಲೆ ಕೈಯಾಡಿಸಿಕೊಂಡರು. “ಅಯ್ಯ, ನನ್ನ ಚಾಳೀಸು ಒಳಗ ಉಳೀತಲ್ಲ!” ಎಂದು, ಮನೆಯ ಕಡೆ ಕತ್ತು ಚಾಚಿ ಕೂಗಿದರು. “ರುಕ್ಮಿಣೀ!”

ಪಡಸಾಲೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ಕಿಟಕಿಯ ಪಕ್ಕದಲ್ಲೇ ಅತ್ಯಾ ಇದ್ದಳು. ಅವಳ ಕೈ ಚಾಳೀಸಿನ ಮೇಲೇ ಇತ್ತು. ಅವಳು ಅಲುಗಾಡಲಿಲ್ಲ.

“ಏ ರುಕ್ಮಿಣೀ!”

ಆಟೋದವ ಹಾರ್ನ್ ಹೊಡೆದ. ಅಜ್ಜಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಆಟೋದೊಳಗೆ ಮಗಳು ತಾಯಿಯ ಮೊಣಕೈ ಮುಟ್ಟಿ ಏನೋ ಪಿಸುಗುಟ್ಟಿದಳು. ಸುವರ್ಣಾಬಾಯಿ ಒಂದು ಕ್ಷಣ ಹೊರಗಿನ ತುಳಸಿಕಟ್ಟೆ ನೋಡಿದರು. ಅಲ್ಲಿಂದ ಬಾಗಿಲು ನೋಡಿದರು.

“ಮಂಜರೀ,” ಎಂದರು. ದನಿ ಮೊದಲಿನಷ್ಟು ಜೋರಿರಲಿಲ್ಲ. “ಚಾಳೀಸು ತಗೊಂಡು ಬಾ ಅವ್ವಾ. ಬಸ್ಸು ತಪ್ಪತದ.”

ದೂರ್ವಾಳ ಬಾಯಿ ತಾನಾಗಿ ತೆರೆಯಿತು. ‘ಬಂದ್ಲ್ರೀ!’ ಎಂದು ಕೂಗಿ, ಚಾಳೀಸು ಕಸಿದುಕೊಂಡು ಆಟೋದವರೆಗೆ ಓಡಬೇಕು ಎನ್ನಿಸಿತು.

ಅವಳು ಬಾಯಿ ಮುಚ್ಚಿದಳು. ಬಾಗಿಲಿನಿಂದ ಸರಿದು ದಾರಿ ಬಿಟ್ಟಳು. ಕಾದಳು.

ಒಳಗೆ ಅತ್ಯಾ ಸೆರಗು ಸರಿಮಾಡಿಕೊಂಡಳು. ಉಸಿರು ಎಳೆದುಕೊಂಡಳು.

“ಓ,” ಎಂದಳು. “ಬಂದೇನ್ರಿ.”